ಆಟಕ್ಕುಂಟು ಲೆಕ್ಕಕ್ಕಿಲ್ಲ

ಆರೂಕಾಲಿಗೆ ಬಸ್ಸಿಳಿದು
ಹೆಬ್ಬಾಳದ ಮೇಲ್ಸೇತುವೆಗೆ ಬೆನ್ನು ಹಾಕಿ
ಬದುವಿನ ಮೇಲೆ ಕೂತರೆ ನನಗೆ ಒಂದೇ ಕೆಲಸ:
ಕುಂಬಳದ ಹೂವಿಗೆ ಯಾರು ಬಂದರು,
ಎಷ್ಟು ಹೊತ್ತು ಇದ್ದರು.

ಅಂಗೈಯಲ್ಲೊಂದು ಪುಟ್ಟ ಯಂತ್ರ,
ಹೆಬ್ಬೆರಳಲ್ಲಿ ಒತ್ತಿದರೆ ಟಿಕ್.
ಒಂದು ಜೇನಿಗೆ ಒಂದು ಟಿಕ್.
ದಿನಗೂಲಿ. ಬುತ್ತಿ ನಮ್ಮದೇ.
ಏನು ಕೆಲಸವೇ ಅಂದ ನಾದಿನಿಗೆ
ನೊಣ ಎಣಿಸೋದು ಅಂದೆ.
"ಅದಕ್ಕೂ ಸಂಬಳವಾ?
ನಮ್ಮನೆಯವರು ಬಿಟ್ಟಿ ಹೊಡೀತಾರೆ" ಅಂತ
ನಗುತ್ತಾ ನಗುತ್ತಾ ಒಗ್ಗರಣೆ ಸೀಯಿಸಿದಳು.

ಸಾಲಿನ ಅರ್ಧ ಹೆಣ್ಣುಹೂಗಳಿಗೆ ಬಿಳಿ ಬಟ್ಟೆಯ ಚೀಲ.
ಹಿಂದಿನ ಸಂಜೆ, ಮೊಗ್ಗಿದ್ದಾಗಲೇ ನಾನೇ ಕಟ್ಟಿದ್ದು,
ಕತ್ತಿಗೆ ದಾರ: ಬಿಗಿಯಾಗಬಾರದು, ಸಡಿಲವೂ.
ಮಿಕ್ಕಿದ್ದು ಬಯಲಿಗೆ ಬಿಟ್ಟದ್ದು.
"ಚೀಲದ್ದು ಕಾಯಿ ಕಟ್ಟಲ್ಲ, ನೋಡ್ತಿರಿ"
ಅಂದಿದ್ದರು ಶರ್ವಾಣಿ ಮೇಡಂ.

ಬರುತ್ತವೆ.
ಮೊದಲು ತುಡುವೆ, ಕಾಲಿಗೆಲ್ಲ ಅರಿಸಿನ ಮೆತ್ತಿಕೊಂಡು
ಗಂಡುಹೂವಿಂದ ಹೆಣ್ಣುಹೂವಿಗೆ.
ನಸರಿ ಬರುತ್ತದೆ, ಸಾಸಿವೆ ಕಾಳಿಗೆ ರೆಕ್ಕೆ ಹಚ್ಚಿದ ಹಾಗೆ.
ಹೆಜ್ಜೇನು ಅಗೋ ಆ ಅಪಾರ್ಟ್‌ಮೆಂಟಿನ
ಹದಿನಾಲ್ಕನೇ ಮಹಡಿಯಿಂದ,
ಅಡ್ವಾನ್ಸು ಕೊಡದೆ ಅಲ್ಲಿ ಇರುವ ಒಂದೇ ಸಂಸಾರ.
ಪಕ್ಕದ ಬದನೆ ಮಡಿಯಲ್ಲಿ ನೀಲಿ ಪಟ್ಟೆಯದೊಂದು
ಹೂವನ್ನು ತಬ್ಬಿ ಗಡಗಡ ನಡುಗುತ್ತದೆ.
ಬದನೆ ಹೂವು ಮಹಾ ಜಿಪುಣಿ,
ಕೇಳಿದರೆ ಕೊಡುವುದಿಲ್ಲ.
ಮಳೆಗಾಲದ ಉಪ್ಪಿನ ಡಬ್ಬಿಯಂತೆ
ಅಲುಗಿಸಿ ಉದುರಿಸಿಕೊಳ್ಳಬೇಕು.

ಹತ್ತೂವರೆಗೆ ಕುಂಬಳ ಬಾಗಿಲು ಹಾಕುತ್ತದೆ.
ನಾನು ಅನ್ನದ ಡಬ್ಬಿ ಬಿಚ್ಚುತ್ತೇನೆ.

ವಾರದೊಳಗೆ ಚೀಲದವು ಹಳದಿಗಟ್ಟಿ
ಗೋಲಿಯಷ್ಟು ಪೀಚಿನ ಸಮೇತ ಉದುರಿದವು.
ಸೊನ್ನೆ, ಸೊನ್ನೆ, ಸೊನ್ನೆ,
ಬರೆದು ಬರೆದು ಪೆನ್ನಿಗೆ ಅದೇ ರೂಢಿ.

ಇಪ್ಪತ್ತೇಳನೆಯದು ಬಿಟ್ಟು.

ಆವತ್ತು ಒಂದು ತುಡುವೆ
ಆ ಚೀಲದ ಮೇಲೆ ಕೂತು
ಒಂದು ಸುತ್ತು, ಎರಡು ಸುತ್ತು,
ನೇಯ್ಗೆಯ ತೂತಿಗೆಲ್ಲ ಮುಖ ಒತ್ತಿ,
ಆಸ್ಪತ್ರೆ ಬಾಗಿಲ ಗಾಜಿಗೆ ಅಂಟಿಕೊಂಡವರ ಹಾಗೆ.
ಎದ್ದು ಹೋಯಿತು. ಮತ್ತೆ ಬಂತು.
ಬೆರಳು ನನ್ನ ಮಾತು ಕೇಳಲಿಲ್ಲ.
ಗಂಟು ಬಿಚ್ಚಿದೆ.
ಅದು ಹೋಯಿತು, ಅದರ ಹಿಂದೆ ಎಂಟೋ ಹತ್ತೋ.
ಟಿಕ್ ಒತ್ತಲಿಲ್ಲ.
ಪಿಳ್ಳಮ್ಮ ಆಚೆ ಸಾಲಿನಲ್ಲಿ ಕೆಮ್ಮಿದಳು,
ಕಂಡದ್ದಕ್ಕೋ, ಬೀಡಿಗೋ.

ಹತ್ತು ದಿನಕ್ಕೆ ಚೀಲ ದುಂಡಗಾಯಿತು.
ಬಟ್ಟೆ ಬಿಗಿದು ಬಿಗಿದು
ಇನ್ನು ಮುಚ್ಚಿಡಲಾಗದ ಬಸಿರಿನಂತೆ.
ಮೇಡಂ ಕಾಯಿಯನ್ನು ನೋಡಲೇ ಇಲ್ಲ, ಗಂಟನ್ನು ನೋಡಿದರು.
ಎರಡನೇ ಸಲ ಕಟ್ಟಿದ ಗಂಟು
ತನ್ನ ಕತೆ ತಾನೇ ಹೇಳುತ್ತದೆ.
ಬಹಳ ಹೊತ್ತು ಪುಸ್ತಕ ತಿರುವಿ,
ಇಪ್ಪತ್ತೇಳರ ಮೇಲೆ ಅಡ್ಡಗೀಟು ಎಳೆದು
"ಇದು ಲೆಕ್ಕಕ್ಕಿಲ್ಲ ಬಿಡಿ" ಅಂದರು.
"ಆಟಕ್ಕುಂಟಲ್ಲವ್ವಾ" ಅಂದಳು ಪಿಳ್ಳಮ್ಮ, ಸೊಪ್ಪಿಗೆ ಹೇಳಿದಂತೆ.
ಮೇಡಮ್ಮಿಗೆ ನಗು ಬಂತು, ನನಗೆ ಬರಲಿಲ್ಲ.

ಎರಡು ತಿಂಗಳಿಗೆ ಕಾಯಿ ನನ್ನ ಮಡಿಲಿಗೆ ಬಂತು.
ಬಸ್ಸಿನಲ್ಲಿ ಅದಕ್ಕೆ ಟಿಕೇಟು ಬೇಕು ಅಂದ ಕಂಡಕ್ಟರ್,
ಆರು ಕೇಜಿ ಲಗೇಜಂತೆ.
ಪಕ್ಕದ ಸೀಟಿನಾಕೆ ತಟ್ಟಿ ನೋಡಿ,
ಮಾರ್ಕೆಟ್ಟಲ್ಲಾದರೆ ಇಷ್ಟು, ಗಾಡಿಯವನಾದರೆ ಇಷ್ಟು,
ಲಾರಿ ಬಾಡಿಗೆ, ಹಮಾಲಿ, ಕಮಿಷನ್ನು
ಎಲ್ಲ ಬಿಡಿಸಿ ಬಿಡಿಸಿ ಕೂಡಿದಳು.
ನಾನು ಹೂಂ ಹೂಂ ಅಂದೆ.

ನಾದಿನಿ ಈಳಿಗೆ ಮಣೆ ಇಟ್ಟು ಹೋಳು ಮಾಡಿದಳು.
ಒಳಗೆ ನಾರಿನ ಗೂಡು, ಗೂಡಿನ ತುಂಬ ಬೀಜ.
"ಅಬ್ಬಾ, ಎಷ್ಟೊಂದೇ!"
ಒಂದೊಂದಕ್ಕೂ ಒಂದೊಂದು ಹಳದಿ ಧೂಳಿನ ಕಣ,
ಯಾರದೋ ಕಾಲಿಗೆ ಅಂಟಿಕೊಂಡು ಬಂದದ್ದು,
ಹೇಳಬೇಕೆನಿಸಿತು. ಹೇಳಲಿಲ್ಲ.
ಅವಳು ಬೀಜ ಹಿಂಡಿ ಹಿಂಡಿ ತಟ್ಟೆಗೆ ಉದುರಿಸುತ್ತಿದ್ದರೆ
ಸೆರಗಿನೊಳಗೆ ನನ್ನ ಹೆಬ್ಬೆರಳು
ತನ್ನಷ್ಟಕ್ಕೆ ತಾನೇ ಒತ್ತುತ್ತಿತ್ತು,
ಕೈ ಖಾಲಿಯಿತ್ತು.